ಡಿಸೈನ್ ಫೈಲುಗಳನ್ನು ಯಾವ ಕ್ಲೌಡಿನಲ್ಲಿ ಇಡಬೇಕು: ಜಿಬಿಗಿಂತ ಮೊದಲು ದಿನಗಳನ್ನು ಎಣಿಸಿ

ತುಮಕೂರಿನ ಚಿಕ್ಕಪೇಟೆಯಲ್ಲಿ ನಾವು ನಡೆಸುತ್ತಿರುವ ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿಗೆ ಒಂದು ಕಾರ್ತಿಕದಲ್ಲಿ ಹಳೆಯ ಗಿರಾಕಿಯೊಬ್ಬರು ಬಂದು, ಹಿಂದಿನ ವರ್ಷ ಹಿರಿಯ ಮಗಳ ಮದುವೆಗೆ ಹಾಕಿಸಿದ್ದ ಜೋಡಿ ನವಿಲಿನ ಬ್ಲೌಸ್ ಡಿಸೈನನ್ನೇ ಕಿರಿಯ ಮಗಳಿಗೂ ಹಾಕಿಕೊಡಬೇಕೆಂದು ಕೇಳಿದರು. "ಹೋದ ಸಲದ್ದೇ ಇರಲಿ ಕಣಪ್ಪ, ಅಕ್ಕನಿಗೊಂದು ತಂಗಿಗೊಂದು ಅಂತ ನಾಳೆ ಮಾತು ಬರಬಾರದು" ಎಂದರು. ಡಿಸೈನಿನ ಹೆಸರು ನಮ್ಮ ಆರ್ಡರ್ ಪುಸ್ತಕದಲ್ಲಿತ್ತು, ಕಂಪ್ಯೂಟರಿನಲ್ಲಿ ಇರಲಿಲ್ಲ. ಆಷಾಢದಲ್ಲಿ ಕೆಲಸ ಕಡಿಮೆಯಿದ್ದಾಗ ಅಂಗಡಿಯ ಹುಡುಗನೊಬ್ಬ ಕಂಪ್ಯೂಟರನ್ನು ಚೊಕ್ಕಟ ಮಾಡುವ ಹುರುಪಿನಲ್ಲಿ 'ಹಳೇದು' ಎಂಬ ಫೋಲ್ಡರನ್ನೇ ಅಳಿಸಿದ್ದ. ಅದರೊಂದಿಗೆ ಜೋಡಿಸಿದ್ದ ಕ್ಲೌಡ್ ಕೂಡ ಹೇಳಿದ ಮಾತು ಕೇಳಿ ತನ್ನಲ್ಲಿದ್ದ ಪ್ರತಿಯನ್ನು ಕಸದಬುಟ್ಟಿಗೆ ಹಾಕಿತ್ತು. ಆ ಬುಟ್ಟಿಯ ಮೂವತ್ತು ದಿನಗಳು ಶ್ರಾವಣದಲ್ಲಿಯೇ ಮುಗಿದಿದ್ದವು. ಯಾವ ಸೇವೆ ಎಂಬುದು ಇಲ್ಲಿ ಮುಖ್ಯವಲ್ಲ. ನಾವು ಇಟ್ಟುಕೊಂಡಿದ್ದ ರೀತಿಗೆ ಬೇರೆ ಯಾವ ಉಚಿತ ಸೇವೆಯಾಗಿದ್ದರೂ ಫಲ ಅದೇ ಆಗುತ್ತಿತ್ತು.

ಕ್ಲೌಡ್ ಆರಿಸುವವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ಎಷ್ಟು ಜಿಬಿ ಉಚಿತ ಎಂಬುದು. ನಮ್ಮ ಕಸುಬಿಗೆ ಅದು ಕೊನೆಯ ಪ್ರಶ್ನೆಯಾಗಬೇಕು. ಹೊಲಿಗೆ, ಎಂಬ್ರಾಯ್ಡರಿ, ನೇಯ್ಗೆಗಳ ಕೆಲಸ ಪಂಚಾಂಗದ ಮೇಲೆ ನಡೆಯುತ್ತದೆ: ವರಮಹಾಲಕ್ಷ್ಮಿ ಹಬ್ಬಕ್ಕೆ ಹಾಕಿದ ಡಿಸೈನು ಮತ್ತೆ ಕೇಳಿಬರುವುದು ಮುಂದಿನ ವರಮಹಾಲಕ್ಷ್ಮಿಗೆ, ಮಾಘದ ಮದುವೆಯದು ಮುಂದಿನ ಮಾಘಕ್ಕೆ. ಹೀಗಾಗಿ ಒಂದು ಫೈಲು ಕಳೆದಿದೆ ಎಂಬುದೇ ನಮಗೆ ತಿಳಿಯಲು ಆರು ತಿಂಗಳು, ಒಂದು ವರ್ಷ ಬೇಕಾಗಬಹುದು. ತಪ್ಪಾಗಿ ಅಳಿಸಿದ್ದನ್ನು ಎಷ್ಟು ದಿನದೊಳಗೆ ಮರಳಿ ಪಡೆಯಬಹುದು, ಮರಳಿ ಬಂದ ಫೈಲು ಇಟ್ಟಾಗಿನ ರೂಪದಲ್ಲಿಯೇ ಇರುತ್ತದೆಯೇ, ಖಾತೆಯ ಬೀಗದ ಕೈ ಯಾರ ಬಳಿ ಇರುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡು ಸೇವೆಗಳನ್ನು ಹೋಲಿಸಿದರೆ, ಜಾಹೀರಾತಿನಲ್ಲಿ ಕಾಣುವ ಕ್ರಮಕ್ಕಿಂತ ಬೇರೆಯದೇ ಒಂದು ಕ್ರಮ ಕಾಣುತ್ತದೆ.

ಜಾಗದ ಲೆಕ್ಕವನ್ನು ಮೊದಲು ಮುಗಿಸಿಬಿಡೋಣ. ಯಂತ್ರಗಳು ಓದುವ ಡಿಎಸ್‌ಟಿ ಫೈಲು ಜಪಾನಿನ ತಾಜಿಮಾ ಕಂಪನಿಯ ಯಂತ್ರಗಳಿಗಾಗಿ ಹುಟ್ಟಿದ್ದು. ಇಂದು ಬಹುತೇಕ ಎಲ್ಲ ವಾಣಿಜ್ಯ ಎಂಬ್ರಾಯ್ಡರಿ ಯಂತ್ರಗಳೂ ಅದನ್ನು ಒಪ್ಪುತ್ತವೆ. ಅದರ ತಲೆಭಾಗಕ್ಕೆ 512 ಬೈಟ್, ಆಮೇಲೆ ಪ್ರತಿ ಸ್ಟಿಚ್ಚಿಗೂ 3 ಬೈಟ್. ಬ್ಲೌಸಿನ ಬೆನ್ನಿಗೆ 40,000 ಸ್ಟಿಚ್ಚಿನ ತುಂಬು ಡಿಸೈನು ಹಾಕಿದರೂ ಫೈಲು ಸುಮಾರು 120 ಕೆಬಿ ಮಾತ್ರ, ಅಂದರೆ ಫೋನಿನಲ್ಲಿ ತೆಗೆದ ಒಂದು ಸಾಧಾರಣ ಫೋಟೋಕ್ಕಿಂತ ಎಷ್ಟೋ ಚಿಕ್ಕದು. ಅಂಥ ಸಾವಿರ ಡಿಸೈನುಗಳು ಸೇರಿದರೆ 120 ಎಂಬಿ. ಎಲ್ಲರಿಗಿಂತ ಕಡಿಮೆ ಜಾಗ ಕೊಡುವ ಸೇವೆಯ 2 ಜಿಬಿಯಲ್ಲಿಯೂ ಹದಿನಾರು ಸಾವಿರ ಹಿಡಿಯುತ್ತವೆ. ಜಾಗ ತಿನ್ನುವುದು ಬೇರೆ ಸಾಮಗ್ರಿ: ಆರಿ ಕೆಲಸದ (ಕೊಕ್ಕೆಸೂಜಿಯ ಕೈಕಸೂತಿ) ಟ್ರೇಸಿಂಗ್ ಹಾಳೆಗಳ ಸ್ಕ್ಯಾನುಗಳು, ಕೆಲಸ ಮುಗಿದ ಬ್ಲೌಸಿನ ಫೋಟೋಗಳು, ವೀಡಿಯೋಗಳು. ಎ4 ಹಾಳೆಯನ್ನು 300 ಡಿಪಿಐನಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಒತ್ತದೆ (ಕಂಪ್ರೆಸ್ ಮಾಡದೆ) ಹಾಗೆಯೇ ಇಟ್ಟರೆ ಒಂದಕ್ಕೇ ಸುಮಾರು 26 ಎಂಬಿ ಆಗುತ್ತದೆ. ಪೆನ್ಸಿಲ್ ಗೆರೆಯ ಹಾಳೆಗೆ ಬಣ್ಣದ ಸ್ಕ್ಯಾನ್ ಬೇಕಾಗಿಯೂ ಇಲ್ಲ. ಕಪ್ಪುಬಿಳುಪಿನಲ್ಲಿ ಪಿಡಿಎಫ್ ಮಾಡಿದರೆ ಸಾಕು.

ಯಾವ ಫೈಲನ್ನು ಇಡಬೇಕು ಎಂಬುದು ಎಲ್ಲಿ ಇಡಬೇಕು ಎಂಬುದಕ್ಕಿಂತ ಮೊದಲು ತೀರ್ಮಾನವಾಗಬೇಕು. ಡಿಎಸ್‌ಟಿಯಲ್ಲಿ ಸೂಜಿ ಎಲ್ಲಿಂದ ಎಲ್ಲಿಗೆ ಹೋಗಬೇಕು, ದಾರ ಎಲ್ಲಿ ಬದಲಾಗಬೇಕು ಎಂಬುದಷ್ಟೇ ಇರುತ್ತದೆ. ಯಾವ ಬಣ್ಣ ಎಂಬುದು ಇರುವುದಿಲ್ಲ. ಒಂದು ವರ್ಷದ ನಂತರ ಅದನ್ನು ತೆರೆದರೆ ನವಿಲಿನ ಕತ್ತು ನೀಲಿಯೋ ಹಸಿರೋ ಎಂದು ಫೈಲು ಹೇಳುವುದಿಲ್ಲ. ತೆರೆಯ ಮೇಲೆ ಕಾಣುವ ಬಣ್ಣ ಸಾಫ್ಟ್‌ವೇರು ತಾನೇ ಹಾಕಿಕೊಂಡದ್ದು. ಅದನ್ನು ಹಿಗ್ಗಿಸಿ ಕುಗ್ಗಿಸುವುದೂ ಕಷ್ಟ. 34ರ ಅಳತೆಗೆ ಮಾಡಿದ್ದನ್ನು 40ಕ್ಕೆ ಎಳೆದರೆ ಸ್ಟಿಚ್ಚುಗಳ ನಡುವೆ ಬಟ್ಟೆ ಕಾಣತೊಡಗುತ್ತದೆ. ವಿಲ್ಕಾಮ್ ಸಾಫ್ಟ್‌ವೇರಿನ ಇಎಂಬಿ ಫೈಲಿನಲ್ಲಿ ಆಕಾರಗಳೂ ಬಣ್ಣಗಳೂ ಉಳಿದಿರುವುದರಿಂದ ಅಳತೆ ಬದಲಿಸಿದಾಗ ಸ್ಟಿಚ್ಚುಗಳು ಹೊಸದಾಗಿ ಲೆಕ್ಕವಾಗುತ್ತವೆ. ಪಂಚಿಂಗ್ (ಚಿತ್ರವನ್ನು ಯಂತ್ರ ಓದುವ ಸ್ಟಿಚ್ಚಿನ ಫೈಲಾಗಿಸುವ ಕೆಲಸ) ಮಾಡಿಕೊಡುವವರು ಸಾಮಾನ್ಯವಾಗಿ ಡಿಎಸ್‌ಟಿಯನ್ನಷ್ಟೇ ಕಳುಹಿಸುತ್ತಾರೆ. ಇಎಂಬಿಯನ್ನೂ ಕೊಡಬೇಕೆಂದು ದರ ಮಾತಾಡುವಾಗಲೇ ಹೇಳಿಬಿಡುವುದು ಒಳ್ಳೆಯದು. ಅದರ ಪಕ್ಕದಲ್ಲಿ ಅದೇ ಹೆಸರಿನ ಒಂದು ಜೆಪಿಜಿ ಚಿತ್ರ ಮತ್ತು ದಾರದ ನಂಬರುಗಳ ಒಂದು ಟಿಪ್ಪಣಿ ಇರಲಿ. ಕ್ಲೌಡಿನಲ್ಲಿ ಡಿಎಸ್‌ಟಿ ಫೈಲಿನ ಚಿತ್ರ ಕಾಣುವುದಿಲ್ಲ, ಹೆಸರು ಮಾತ್ರ ಕಾಣುತ್ತದೆ. ಗಿರಾಕಿಯನ್ನು ಎದುರಿಗೆ ಕೂರಿಸಿಕೊಂಡು 'ಪಿಕಾಕ್7', 'ಪಿಕಾಕ್7ನ್ಯೂ', 'ಪಿಕಾಕ್7ಫೈನಲ್' ಎಂದು ಒಂದೊಂದನ್ನೇ ಇಳಿಸಿ ನೋಡುವ ಪಾಡು ಯಾರಿಗೂ ಬೇಡ.

ನೇಯ್ಗೆಯವರಿಗೆ ಇದಕ್ಕಿಂತ ಸೂಕ್ಷ್ಮವಾದ ತೊಂದರೆಯೊಂದಿದೆ. ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯಂಥ ರೇಷ್ಮೆ ಸೀರೆಯ ಊರುಗಳಲ್ಲಿ ಜಕಾರ್ಡ್ (ಎಳೆಗಳನ್ನು ಬೇರೆಬೇರೆಯಾಗಿ ಎತ್ತಿ ಚಿತ್ತಾರ ನೇಯುವ) ಮಗ್ಗಕ್ಕೆ ತೂತು ಹೊಡೆದ ರಟ್ಟುಗಳಿದ್ದ ಕಾಲದಲ್ಲಿ ಆ ರಟ್ಟಿನ ಮಾಲೆಯೇ ದಾಖಲೆಯಾಗಿತ್ತು. ಎಲೆಕ್ಟ್ರಾನಿಕ್ ಜಕಾರ್ಡ್ ಬಂದಲ್ಲಿ ಅದರ ಜಾಗಕ್ಕೆ ಬಿಎಂಪಿ ಚಿತ್ರ ಬಂದಿದೆ. ಚಿತ್ರದ ಒಂದೊಂದು ಚುಕ್ಕೆಯೂ ಒಂದು ಎಳೆ ಏಳಬೇಕೋ ಬೇಡವೋ ಎಂಬ ಆದೇಶ. 480 ಹುಕ್ಕಿನ (ಎಳೆ ಎತ್ತುವ ಕೊಕ್ಕೆ) ಮಗ್ಗದಲ್ಲಿ 2,000 ಹೊಕ್ಕಿನ (ಅಡ್ಡ ಎಳೆ) ಸೆರಗಿಗೆ ಕಪ್ಪುಬಿಳುಪಿನ ಬಿಎಂಪಿ ಕೇವಲ 120 ಕೆಬಿ ಚಿಲ್ಲರೆ. ಇದನ್ನು ಯಾರಾದರೂ ಜೆಪಿಜಿಗೆ ಬದಲಿಸಿದರೆ ಕಣ್ಣಿಗೆ ಚಿತ್ರ ಹಾಗೆಯೇ ಕಾಣುತ್ತದೆ, ಆದರೆ ಬುಟ್ಟಾದ ಅಂಚಿನಲ್ಲಿ ಕಪ್ಪೂ ಅಲ್ಲದ ಬಿಳಿಯೂ ಅಲ್ಲದ ಬೂದು ಚುಕ್ಕೆಗಳು ಹುಟ್ಟಿಕೊಂಡಿರುತ್ತವೆ. ಮತ್ತೆ ಬಿಎಂಪಿಗೆ ತಿರುಗಿಸಿದಾಗ ಆ ಚುಕ್ಕೆಗಳು ಆಚೆಗೋ ಈಚೆಗೋ ಬಿದ್ದು, ಏಳಬಾರದ ಎಳೆ ಏಳುತ್ತದೆ. ಆದ್ದರಿಂದ ಫೋಟೋಗಳಿಗಾಗಿ ಮಾಡಿದ ಯಾವ ಜಾಗದಲ್ಲಿಯೂ ಈ ಫೈಲುಗಳನ್ನು ಇಡಬಾರದು. ಗೂಗಲ್ ಫೋಟೋಸ್‌ನ 'ಸ್ಟೋರೇಜ್ ಸೇವರ್' ಆಯ್ಕೆ ಚಿತ್ರವನ್ನು ಒತ್ತಿಯೇ ಇಡುತ್ತದೆ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದರೂ ಹಾಗೆಯೇ. 'ಡಾಕ್ಯುಮೆಂಟ್' ಎಂದು ಕಳುಹಿಸಿದರೆ ಮಾತ್ರ ಫೈಲು ಇದ್ದಂತೆಯೇ ಹೋಗುತ್ತದೆ.

ಇನ್ನು ಸೇವೆಗಳ ವಿಚಾರ. ಗೂಗಲ್ ಡ್ರೈವ್ ಉಚಿತವಾಗಿ 15 ಜಿಬಿ ಕೊಡುತ್ತದೆ, ಆದರೆ ಅದು ಜಿಮೇಲ್ ಮತ್ತು ಫೋಟೋಸ್ ಎರಡರೊಂದಿಗೂ ಹಂಚಿಕೊಳ್ಳಬೇಕಾದ ಒಂದೇ ಕಣಜ. 2021ರ ಜೂನ್ 1ರಿಂದ ಹೊಸ ಫೋಟೋಗಳೆಲ್ಲ ಈ ಲೆಕ್ಕಕ್ಕೆ ಸೇರುತ್ತಿವೆ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ ಈಗ ಇದರೊಳಗೇ ಬರುತ್ತದೆ. ಅಂಗಡಿಯ ಡಿಸೈನುಗಳನ್ನು ಮನೆಯವರ ಫೋನಿನ ಖಾತೆಯಲ್ಲಿಯೇ ಇಟ್ಟರೆ ಗೃಹಪ್ರವೇಶದ ವೀಡಿಯೋಗಳು ಡಿಸೈನಿನ ಜಾಗವನ್ನು ಮುಗಿಸುತ್ತವೆ. ಕಣಜ ತುಂಬಿದ ಮೇಲೆ ಹೊಸ ಫೈಲು ಮೇಲೇರುವುದು ನಿಲ್ಲುತ್ತದೆ, ಮೇಲ್ ಬರುವುದೂ ನಿಲ್ಲುತ್ತದೆ. ಎಚ್ಚರಿಕೆಯ ಸೂಚನೆಯನ್ನು ನಾವು ಸಾಮಾನ್ಯವಾಗಿ ಒರೆಸಿಹಾಕಿರುತ್ತೇವೆ. ಅಂಗಡಿಗೆಂದೇ ಪ್ರತ್ಯೇಕ ಖಾತೆ ತೆರೆದರೆ ಈ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಜಾಗ ಕೊಳ್ಳಲೇಬೇಕಾದರೆ 100 ಜಿಬಿಯ ಯೋಜನೆ ತಿಂಗಳಿಗೆ 130 ರೂಪಾಯಿಯ ಆಸುಪಾಸಿನಲ್ಲಿದೆ, ಆದರೆ ಮೇಲಿನ ಲೆಕ್ಕ ನೋಡಿದವರಿಗೆ ಅದು ಅಪರೂಪಕ್ಕೆ ಬೇಕಾದೀತು.

ಅಳಿಸಿದ ಫೈಲು ಡ್ರೈವಿನ ಕಸದಬುಟ್ಟಿಯಲ್ಲಿ 30 ದಿನ ಇರುತ್ತದೆ. ಅದೇ ಹೆಸರಿನ ಮೇಲೆ ಹೊಸ ಫೈಲು ಹಾಕಿದರೆ ಹಳೆಯ ಆವೃತ್ತಿ 30 ದಿನ, ಅಥವಾ ನೂರು ಆವೃತ್ತಿಗಳಾಗುವವರೆಗೆ ಉಳಿಯುತ್ತದೆ. ಆದರೆ ಇಲ್ಲೊಂದು ಗುಟ್ಟಿದೆ: 'ಆವೃತ್ತಿಗಳ ನಿರ್ವಹಣೆ' ಎಂಬಲ್ಲಿಗೆ ಹೋಗಿ ಬೇಕಾದ ಆವೃತ್ತಿಯನ್ನು ಶಾಶ್ವತವಾಗಿ ಇರಿಸುವಂತೆ ಗುರುತು ಮಾಡಬಹುದು. ಗಿರಾಕಿ ಒಪ್ಪಿದ ಡಿಸೈನಿಗೆ ಈ ಗುರುತು ಹಾಕಿಟ್ಟರೆ ನಂತರದ ತಿದ್ದುಪಡಿಗಳು ಅದನ್ನು ಮುಚ್ಚಿಹಾಕುವುದಿಲ್ಲ. ಫೈಲನ್ನೇ ಅಳಿಸಿದರೆ ಈ ಗುರುತೂ ಕಾಯುವುದಿಲ್ಲ ಎಂಬುದನ್ನು ಮರೆಯಬಾರದು. ಕಂಪ್ಯೂಟರಿನಲ್ಲಿ ಡ್ರೈವ್ ಹಾಕಿಕೊಳ್ಳುವಾಗ 'ಸ್ಟ್ರೀಮ್' ಮತ್ತು 'ಮಿರರ್' ಎಂಬ ಎರಡು ಬಗೆಗಳನ್ನು ಅದು ಕೇಳುತ್ತದೆ. ಸ್ಟ್ರೀಮ್ ಆರಿಸಿದರೆ ಕಂಪ್ಯೂಟರಿನಲ್ಲಿ ಕಾಣುವುದು ಹೆಸರುಗಳು ಮಾತ್ರ, ಫೈಲು ಇರುವುದು ಮೇಲೆ, ಕ್ಲೌಡಿನಲ್ಲಿ. ಇಂಟರ್ನೆಟ್ ಇಲ್ಲದ ಮಧ್ಯಾಹ್ನ ಯಂತ್ರಕ್ಕೆ ಡಿಸೈನು ಹಾಕಲು ಹೋದಾಗ ಇದು ಗೊತ್ತಾಗುತ್ತದೆ. ಕರೆಂಟ್ ಬಂದರೂ ನೆಟ್ ಬಾರದ ಗಂಟೆಗಳು ನಮ್ಮಲ್ಲಿ ಕಡಿಮೆಯಿಲ್ಲವಾದ್ದರಿಂದ ಅಂಗಡಿಯ ಕಂಪ್ಯೂಟರಿಗೆ ಮಿರರ್ ಬಗೆಯೇ ಸರಿ.

ಮೈಕ್ರೋಸಾಫ್ಟಿನ ಒನ್‌ಡ್ರೈವ್ ವಿಂಡೋಸ್ ಜೊತೆಯಲ್ಲಿಯೇ ಬರುತ್ತದೆ, ಅದೇ ಅದರ ಗುಣವೂ ದೋಷವೂ. ಉಚಿತ ಜಾಗ 5 ಜಿಬಿ. ಹೊಸ ಕಂಪ್ಯೂಟರನ್ನು ಮೊದಲ ಬಾರಿ ಸಜ್ಜು ಮಾಡುವಾಗ 'ಮುಂದೆ, ಮುಂದೆ' ಎಂದು ಒತ್ತುತ್ತಾ ಹೋದವರ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರೂ ತಮಗೆ ತಿಳಿಯದಂತೆಯೇ ಒನ್‌ಡ್ರೈವಿಗೆ ಸೇರಿರುತ್ತವೆ. ಡೆಸ್ಕ್‌ಟಾಪಿನಲ್ಲಿ ಇರುವುದೆಲ್ಲ ಇಲ್ಲಿಯೇ ಇದೆ, ಮೇಲಿನದನ್ನು ತೆಗೆದರೆ ಜಾಗ ಉಳಿಯುತ್ತದೆ ಎಂದುಕೊಂಡು ಮೇಲಿನ ಪ್ರತಿಯನ್ನು ಅಳಿಸಿದರೆ ಕೆಳಗಿನದೂ ಹೋಗುತ್ತದೆ. ಕಸದಬುಟ್ಟಿ ಇಲ್ಲಿಯೂ 30 ದಿನ. ವೈಯಕ್ತಿಕ ಖಾತೆಯಲ್ಲಿ ಕೊನೆಯ 25 ಆವೃತ್ತಿಗಳು ಸಿಗುತ್ತವೆ. ಹಣ ಕೊಟ್ಟು ಮೈಕ್ರೋಸಾಫ್ಟ್ 365 ತೆಗೆದುಕೊಂಡವರಿಗೆ 1 ಟಿಬಿ ಜಾಗದ ಜೊತೆಗೆ, ಇಡೀ ಒನ್‌ಡ್ರೈವನ್ನು ಹಿಂದಿನ 30 ದಿನಗಳಲ್ಲಿ ಬೇಕಾದ ದಿನದ ಸ್ಥಿತಿಗೆ ಹಿಂದಿರುಗಿಸುವ ಸೌಲಭ್ಯವಿದೆ. ಪೆನ್‌ಡ್ರೈವಿನಿಂದ ವೈರಸ್ ಬಂದು ಎಲ್ಲ ಫೈಲುಗಳನ್ನೂ ಒಂದೇ ರಾತ್ರಿ ಕೆಡಿಸಿದ ಸಂದರ್ಭಕ್ಕೆ ಇದು ನಿಜಕ್ಕೂ ಬೆಲೆಬಾಳುವಂಥದ್ದು. ಲೆಕ್ಕಪತ್ರಕ್ಕಾಗಿ ಎಕ್ಸೆಲ್ ಹೇಗೂ ಕೊಳ್ಳುವ ಅಂಗಡಿಯವರಿಗೆ ಒನ್‌ಡ್ರೈವ್ ಬೇರೆ ಖರ್ಚಿಲ್ಲದೆ ಬಂದಂತಾಗುತ್ತದೆ. ಅದಕ್ಕೆಂದೇ ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ.

ಡ್ರಾಪ್‌ಬಾಕ್ಸ್ ಉಚಿತವಾಗಿ ಕೊಡುವುದು 2 ಜಿಬಿ ಮಾತ್ರ, ಅದೂ ಮೂರು ಸಾಧನಗಳಿಗೆ. ಜಾಗ ನೋಡಿ ಹೋಲಿಸುವವರು ಇದನ್ನು ಮೊದಲೇ ಬದಿಗಿಡುತ್ತಾರೆ. ನಮ್ಮ ಲೆಕ್ಕದಲ್ಲಿ 2 ಜಿಬಿ ಧಾರಾಳವಾಯಿತು. ಉಚಿತ ಖಾತೆಯಲ್ಲಿ ಅಳಿಸಿದ್ದು 30 ದಿನ ಸಿಗುತ್ತದೆ. ವೃತ್ತಿಪರರಿಗಾಗಿ ಇರುವ ಪ್ರೊಫೆಶನಲ್ ಯೋಜನೆಯಲ್ಲಿ 180 ದಿನ. ನಾನು ಇಲ್ಲಿ ಹೋಲಿಸಿರುವವುಗಳಲ್ಲಿ ಆಷಾಢದ ತಪ್ಪನ್ನು ಕಾರ್ತಿಕದಲ್ಲಿ ಸರಿಪಡಿಸಬಲ್ಲದ್ದು ಅದೊಂದೇ. ಆದರೆ ಅದರ ಬೆಲೆ ಡಾಲರಿನ ಲೆಕ್ಕದ್ದು, ಚಿಕ್ಕ ಅಂಗಡಿಗೆ ಹೆಚ್ಚು; ಇಷ್ಟಾದರೂ ಮುಂದಿನ ಮಾಘದವರೆಗೆ ಅದೂ ಕಾಯುವುದಿಲ್ಲ. ಹಂಚಿಕೊಳ್ಳುವ ವಿಷಯದಲ್ಲಿಯೂ ಒಂದು ವ್ಯತ್ಯಾಸವಿದೆ. ಡ್ರೈವಿನಲ್ಲಿ ಹಂಚಿದ ಫೋಲ್ಡರಿನ ಫೈಲುಗಳು ಅವನ್ನು ಏರಿಸಿದವರ ಲೆಕ್ಕಕ್ಕೆ ಮಾತ್ರ ಬೀಳುತ್ತವೆ. ಡ್ರಾಪ್‌ಬಾಕ್ಸಿನಲ್ಲಿ ಸೇರಿಕೊಂಡ ಪ್ರತಿಯೊಬ್ಬರ ಜಾಗವನ್ನೂ ತಿನ್ನುತ್ತವೆ.

ಆಪಲ್‌ನ ಐಕ್ಲೌಡ್ 5 ಜಿಬಿ ಉಚಿತ ಕೊಡುತ್ತದೆ, ಅಳಿಸಿದ್ದನ್ನು 30 ದಿನ ಇಡುತ್ತದೆ. ಐಫೋನ್ ಮತ್ತು ಮ್ಯಾಕ್ ಎರಡೂ ಇರುವವರನ್ನು ಬಿಟ್ಟರೆ ವಿಂಡೋಸ್ ಮೇಲೆ ನಡೆಯುವ ಈ ಕಸುಬಿಗೆ ಅದು ಹೊಂದುವುದಿಲ್ಲ. ಮೆಗಾ ಎಂಬ ಸೇವೆ 20 ಜಿಬಿ ಉಚಿತ ಕೊಡುತ್ತದೆ. ಫೈಲುಗಳಿಗೆ ನಮ್ಮ ಕಂಪ್ಯೂಟರಿನಲ್ಲಿಯೇ ಬೀಗ ಹಾಕಿ ಮೇಲಕ್ಕೆ ಕಳುಹಿಸುವುದು ಅದರ ವಿಶೇಷ. ಒಳಗೇನಿದೆ ಎಂಬುದನ್ನು ಆ ಕಂಪನಿಯೂ ನೋಡಲಾರದು. ಒಬ್ಬ ವ್ಯಾಪಾರಿಗೆ ಮಾತ್ರವೇ ನೇಯ್ದುಕೊಡುವ ಬುಟ್ಟಾ ಇಟ್ಟುಕೊಂಡಿರುವ ನೇಕಾರರಿಗೆ ಈ ಗುಟ್ಟು ಬೇಕಾಗಬಹುದು. ಆದರೆ ಪಾಸ್‌ವರ್ಡ್ ಮರೆತು, ಖಾತೆ ತೆರೆದಾಗ ಕೊಟ್ಟ ರಿಕವರಿ ಕೀಯನ್ನೂ ಕಳೆದುಕೊಂಡರೆ, ಒಳಗಿರುವ ಫೈಲುಗಳನ್ನು ಮರಳಿ ತೆರೆದುಕೊಡಲು ಯಾರಿಂದಲೂ ಸಾಧ್ಯವಿಲ್ಲ. ಪಾಸ್‌ವರ್ಡನ್ನು ಕ್ಯಾಲೆಂಡರಿನ ಹಿಂದೆ ಬರೆದು, ಯುಗಾದಿಗೆ ಕ್ಯಾಲೆಂಡರ್ ಬದಲಿಸುವ ಮನೆಗಳಿಗೆ ಇದನ್ನು ಸೂಚಿಸಲು ನನಗೆ ಧೈರ್ಯವಿಲ್ಲ.

ವಾಟ್ಸಾಪಿನಲ್ಲಿ ತಮಗೆ ತಾವೇ ಕಳುಹಿಸಿಕೊಂಡು 'ಅಲ್ಲಿದೆ' ಎಂದು ನೆಮ್ಮದಿಯಿಂದ ಇರುವವರು ನಮ್ಮಲ್ಲಿ ಬಹಳ. ಅದು ಸಾಗಾಣಿಕೆಯ ದಾರಿಯೇ ಹೊರತು ಉಗ್ರಾಣವಲ್ಲ. ಫೋನಿನಿಂದ ಫೈಲು ಅಳಿದ ಮೇಲೆ ಹಳೆಯ ಸಂದೇಶದ ಮೇಲೆ ಒತ್ತಿದರೆ, ಕಳುಹಿಸಿದವರನ್ನೇ ಮತ್ತೆ ಕೇಳಿ ಎಂದು ಅದು ಹೇಳುತ್ತದೆ. ಕಳುಹಿಸಿದವರು ನಾವೇ.

ಹಾಗಾದರೆ ಮಾಡುವುದೇನು? ಮೇಲಿನ ಸೇವೆಗಳೆಲ್ಲ ಮೂಲತಃ ಜೊತೆಗೂಡಿಸುವ ಸೇವೆಗಳು: ಇಲ್ಲಿ ಆದದ್ದನ್ನು ಅಲ್ಲಿಯೂ ಮಾಡುತ್ತವೆ, ತಪ್ಪನ್ನೂ ಸೇರಿಸಿ. ಬ್ಯಾಕಪ್ ಎನ್ನಬಹುದಾದದ್ದು ಈ ಜೋಡಣೆಯಿಂದ ಹೊರಗಿರುವ, ದಿನಾಂಕ ಹಾಕಿದ ಪ್ರತಿ. ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕರು ಜನಪ್ರಿಯಗೊಳಿಸಿದ 3-2-1 ಎಂಬ ನಿಯಮವೂ ಇದನ್ನೇ ಹೇಳುತ್ತದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿಯೋ ಬೇರೆ ಕಟ್ಟಡದಲ್ಲಿಯೋ. ನಾವು ಈಗ ಮಾಡುತ್ತಿರುವುದು ಇಷ್ಟು. ಪ್ರತಿ ಅಮಾವಾಸ್ಯೆಗೆ ಅಂಗಡಿಗೆ ರಜೆ. ಅದರ ಹಿಂದಿನ ಸಂಜೆ ಡಿಸೈನಿನ ಇಡೀ ಫೋಲ್ಡರನ್ನು ಒಂದು ಜಿಪ್ (ಎಲ್ಲವನ್ನೂ ಕಟ್ಟಿದ ಒಂದೇ ಫೈಲು) ಮಾಡಿ, ವರ್ಷ ತಿಂಗಳನ್ನೇ ಅದರ ಹೆಸರಾಗಿಟ್ಟು, ಕಂಪ್ಯೂಟರಿಗೆ ಜೋಡಿಸದ ಇನ್ನೊಂದು ಖಾತೆಗೆ ಬ್ರೌಸರಿನ ಮೂಲಕ ಏರಿಸುತ್ತೇವೆ, ಏರಿಸಿ ಲಾಗ್‌ಔಟ್ ಮಾಡುತ್ತೇವೆ. ಹಿಂದಿನ ತಿಂಗಳ ಜಿಪ್ ಮೇಲೆ ಹೊಸದನ್ನು ಹಾಕುವುದಿಲ್ಲ. ಸಾವಿರ ಡಿಸೈನಿಗೆ 120 ಎಂಬಿಯಂತೆ ಹನ್ನೆರಡು ತಿಂಗಳಿಗೆ ಒಂದೂವರೆ ಜಿಬಿಯೊಳಗೆ ಮುಗಿಯುವ ಕೆಲಸ. ಚಿತ್ರಗಳೂ ಇಎಂಬಿಗಳೂ ಸೇರಿ ಇದರ ಮೂರರಷ್ಟಾದರೂ ಉಚಿತ 15 ಜಿಬಿಯಲ್ಲಿ ಮೂರು ವರ್ಷದ ತಿಂಗಳುಗಳೆಲ್ಲ ಸಾಲಾಗಿ ನಿಲ್ಲುತ್ತವೆ. ಅದೇ ಜಿಪ್ಪಿನ ಇನ್ನೊಂದು ಪ್ರತಿ ಒಂದು ಹಾರ್ಡ್‌ಡಿಸ್ಕಿಗೆ ಹೋಗುತ್ತದೆ, ಆ ಡಿಸ್ಕ್ ಅಂಗಡಿಯಲ್ಲಿರದೆ ಮನೆಯ ಬೀರುವಿನಲ್ಲಿರುತ್ತದೆ. ಯಂತ್ರಕ್ಕೆ ಚುಚ್ಚುವ ಪೆನ್‌ಡ್ರೈವನ್ನು ಪ್ರತಿ ಎಂದು ಲೆಕ್ಕಕ್ಕೆ ಹಿಡಿಯಲೇಬಾರದು. ದಿನಕ್ಕೆ ಹತ್ತು ಸಲ ಕಿತ್ತು ಹಾಕುವ ವಸ್ತು ಅದು, ಯಾವಾಗ ಕೈಕೊಡುತ್ತದೋ ಹೇಳಲಾಗದು.

ಈ ಎರಡನೆಯ ಖಾತೆಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಗೂಗಲ್ ಖಾತೆಗಳನ್ನು ಅಳಿಸುವ ನಿಯಮ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ತಿಂಗಳಿಗೊಮ್ಮೆ ಒಳಗೆ ಹೋಗುವ ರೂಢಿಯಿದ್ದರೆ ಇದು ತಟ್ಟುವುದಿಲ್ಲ, 'ಒಮ್ಮೆ ಹಾಕಿ ಮರೆತುಬಿಡೋಣ' ಎನ್ನುವವರಿಗೆ ತಟ್ಟುತ್ತದೆ.

ಬೀಗದ ಕೈಯ ಪ್ರಶ್ನೆ ಸೇವೆಗಿಂತ ಹೆಚ್ಚಾಗಿ ನಮ್ಮ ನಡವಳಿಕೆಯನ್ನು ಅವಲಂಬಿಸಿದೆ. ಸಾಮಾನ್ಯ ಡ್ರೈವ್ ಖಾತೆಗಳಲ್ಲಿ ಹಂಚಿದ ಫೋಲ್ಡರಿಗೆ ಕೆಲಸದ ಹುಡುಗ ತನ್ನ ಜಿಮೇಲಿನಿಂದ ಫೈಲು ಏರಿಸಿದರೆ ಅದರ ಮಾಲೀಕ ಆ ಹುಡುಗನೇ. ಅವನು ಬೆಂಗಳೂರಿನಲ್ಲಿ ಬೇರೆ ಕೆಲಸ ಹಿಡಿದು ಖಾತೆಯನ್ನು ಮುಚ್ಚಿದರೆ ಫೈಲೂ ಹೋಗುತ್ತದೆ. ಆದ್ದರಿಂದ ಅಂಗಡಿಯ ಖಾತೆಯಿಂದಲೇ ಏರಿಸಬೇಕು, ಯಂತ್ರದವರಿಗೆ 'ವೀಕ್ಷಕ' ಅನುಮತಿಯನ್ನಷ್ಟೇ ಕೊಡಬೇಕು. ಅವರು ಇಳಿಸಿಕೊಳ್ಳಬಹುದು, ಅಳಿಸಲಾರರು. ಎರಡು ಹಂತದ ಪರಿಶೀಲನೆ ಹಾಕಿಕೊಂಡವರು ಗೂಗಲ್ ಕೊಡುವ ಹತ್ತು ಬ್ಯಾಕಪ್ ಕೋಡುಗಳನ್ನು ಮುದ್ರಿಸಿ ಅಂಗಡಿಯ ಲೈಸೆನ್ಸಿನ ಫೈಲಿನಲ್ಲಿ ಇಟ್ಟುಕೊಳ್ಳಲಿ. ಒಂದೊಂದು ಕೋಡೂ ಒಂದೇ ಸಲ ನಡೆಯುತ್ತದೆ, ಆದರೆ ಫೋನು ಬಸ್ಸಿನಲ್ಲಿ ಕಳೆದ ದಿನ ಆ ಒಂದು ಸಲವೇ ಬೇಕಾಗುವುದು. ಒಬ್ಬರೇ ನಡೆಸುವ ಅಂಗಡಿಯಾದರೆ ಗೂಗಲಿನ 'ನಿಷ್ಕ್ರಿಯ ಖಾತೆ ನಿರ್ವಾಹಕ'ದಲ್ಲಿ ಹೆಂಡತಿಯ ಅಥವಾ ತಮ್ಮನ ಹೆಸರನ್ನು ಸೇರಿಸಿಡಬಹುದು; ನಾವು ಗೊತ್ತುಮಾಡಿದಷ್ಟು ತಿಂಗಳು ಖಾತೆ ಸುಮ್ಮನಿದ್ದರೆ ಅದು ಅವರಿಗೆ ತಿಳಿಸಿ ಫೈಲುಗಳನ್ನು ಪಡೆಯಲು ಅವಕಾಶ ಕೊಡುತ್ತದೆ. ಇನ್ನೊಂದು ಮಾತು: ಆನ್‌ಲೈನಿನಲ್ಲಿ ಕೊಂಡ ಡಿಸೈನುಗಳಿಗೆ ಬೇರೆಯದೇ ಫೋಲ್ಡರ್ ಮಾಡಿ, ಅದನ್ನು ಯಾರೊಂದಿಗೂ ಹಂಚದಿರುವುದು ಕ್ಷೇಮ. ನಮ್ಮ ಬ್ಯಾಕಪ್ಪಿಗೆ ಒಂದು ಪ್ರತಿ ಇಡುವುದಕ್ಕೂ, ಲಿಂಕನ್ನು ಗುಂಪಿಗೆ ಹಾಕಿ ಹಂಚುವುದಕ್ಕೂ ವ್ಯತ್ಯಾಸವಿದೆ.

ಒಂದೇ ಯಂತ್ರ, ಒಂದು ಆಂಡ್ರಾಯ್ಡ್ ಫೋನು, ಒಂದು ಕಂಪ್ಯೂಟರ್ ಇರುವ ಅಂಗಡಿಗೆ ಗೂಗಲ್ ಡ್ರೈವಿನ ಎರಡು ಪ್ರತ್ಯೇಕ ಉಚಿತ ಖಾತೆಗಳೇ ಸಾಕು ಎಂಬುದು ನನ್ನ ಅಭಿಪ್ರಾಯ. ಎಕ್ಸೆಲ್‌ಗೆ ಹೇಗೂ ಹಣ ಕಟ್ಟುತ್ತಿರುವವರು ದಿನನಿತ್ಯದ ಕೆಲಸಕ್ಕೆ ಒನ್‌ಡ್ರೈವ್ ಇಟ್ಟುಕೊಂಡು ತಿಂಗಳ ಜಿಪ್ಪಿಗೆ ಡ್ರೈವ್ ಬಳಸಲಿ. ಎರಡು ಕಂಪನಿಗಳಲ್ಲಿ ಇದ್ದಂತೆಯೂ ಆಗುತ್ತದೆ. ಪಂಚಿಂಗ್ ಮಾಡುವವರೇ ಆಗಿದ್ದು, ನಾಲ್ಕಾರು ಅಂಗಡಿಗಳಿಗೆ ದಿನವೂ ತಿದ್ದುಪಡಿ ಕಳುಹಿಸುವವರು ಡ್ರಾಪ್‌ಬಾಕ್ಸಿನ 180 ದಿನಕ್ಕೆ ಹಣ ಕೊಟ್ಟರೆ ಅದು ದಂಡವಾಗಲಾರದು.

ಯಾವುದನ್ನು ಆರಿಸಿದರೂ ವರ್ಷಕ್ಕೊಮ್ಮೆ, ಆಷಾಢದ ಬಿಡುವಿನಲ್ಲಿ, ಎರಡನೆಯ ಖಾತೆಯಿಂದ ಹಳೆಯ ತಿಂಗಳೊಂದರ ಜಿಪ್ಪನ್ನು ಇಳಿಸಿ, ಬಿಚ್ಚಿ, ಒಂದು ಡಿಸೈನನ್ನು ಯಂತ್ರಕ್ಕೆ ಹಾಕಿ ಚಿಂದಿ ಬಟ್ಟೆಯ ಮೇಲೆ ಹೊಲಿಸಿ ನೋಡಬೇಕು. ಯಂತ್ರ ತೋರಿಸುವ ಸ್ಟಿಚ್ಚಿನ ಸಂಖ್ಯೆ ಆರ್ಡರ್ ಪುಸ್ತಕದಲ್ಲಿ ಬರೆದಿರುವುದಕ್ಕೆ ಸರಿಹೊಂದಬೇಕು, ಟೇಪಿನಲ್ಲಿ ಅಳೆದ ಅಗಲ ಎತ್ತರ ತಾಳೆಯಾಗಬೇಕು. ಕಾಗದದ ಪ್ಯಾಟರ್ನುಗಳಾದರೆ ಪಿಡಿಎಫ್‌ನಲ್ಲಿರುವ ಅಳತೆ ನೋಡುವ ಒಂದು ಇಂಚಿನ ಚೌಕವನ್ನು 'ಪುಟಕ್ಕೆ ಹೊಂದಿಸು' ಎಂಬ ಆಯ್ಕೆಯನ್ನು ತೆಗೆದು, ನೂರು ಶೇಕಡಾದಲ್ಲಿ ಮುದ್ರಿಸಿ, ಸ್ಕೇಲ್ ಇಟ್ಟು ನೋಡಬೇಕು. ನಾವು ಹೋದ ಆಷಾಢದಲ್ಲಿ ಹೀಗೆ ಇಳಿಸಿದ ಮಾವಿನಕಾಯಿ ತೋಳಿನ ಡಿಸೈನಿನಲ್ಲಿ ಎಲ್ಲವೂ ಸರಿಯಿತ್ತು, ದಾರದ ನಂಬರಿನ ಟಿಪ್ಪಣಿಯೊಂದೇ ಇರಲಿಲ್ಲ. ಆ ಸಂಜೆ ಕುಳಿತು ಹಳೆಯ ಫೋಟೋ ನೋಡಿಕೊಂಡು, ದಾರದ ರೀಲುಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ಆರು ನಂಬರುಗಳನ್ನು ಬರೆದು ಸೇರಿಸಿದೆವು.